ಇ-ಮೇಲ್ ಕೂಡಾ ಒಂದು ಅಮಾನತ್

ರಮಝಾನ್‌ಗೆ ಇನ್ನು ಹದಿನೈದು ದಿನಗಳಷ್ಟೇ ಬಾಕಿ ಇತ್ತು. ಹೊಸ ಬುರ್ಖಾಗಳೂ ನಮಾಝಿನ ಬಟ್ಟೆಗಳೂ ಹೊಲಿದು ಸಿದ್ಧವಾಗಿದ್ದವು. ಅವುಗಳ ಫೋಟೋ ಮತ್ತು ದರಪಟ್ಟಿಯನ್ನು ಗಿರಾಕಿಗಳಿಗೆಲ್ಲ ಕಳುಹಿಸಬೇಕಿತ್ತು. ಇಶಾ ನಮಾಝ್ ಮುಗಿಸಿ, ಮಕ್ಕಳನ್ನು ಮಲಗಿಸಿ ಕಂಪ್ಯೂಟರಿನ ಮುಂದೆ ಕುಳಿತೆ. ನೋಟುಪುಸ್ತಕದಲ್ಲಿದ್ದ ಅರುವತ್ತಕ್ಕೂ ಹೆಚ್ಚು ಇ-ಮೇಲ್ ವಿಳಾಸಗಳನ್ನು ಒಂದೊಂದಾಗಿ ಟೈಪ್ ಮಾಡಿ, 'ಟು' ಎಂಬ ಸಾಲಿನಲ್ಲಿ ತುಂಬಿಸಿ ಕಳುಹಿಸಿಬಿಟ್ಟೆ. ಒಂದೇ ಸಲಕ್ಕೆ ಅಷ್ಟೂ ಮಂದಿಗೆ ಪತ್ರ ಹೋಯಿತಲ್ಲ ಎಂದು ನೆಮ್ಮದಿಯಿಂದ ಮಲಗಿದೆ.

ಮೂರನೆಯ ದಿನ ಒಬ್ಬಾಕೆಯಿಂದ ಉತ್ತರ ಬಂತು. ಆರ್ಡರ್ ಇರಬಹುದೆಂದು ತೆರೆದೆ. "ಅಕ್ಕಾ, ನನ್ನ ವಿಳಾಸವನ್ನು ಎಲ್ಲರಿಗೂ ಯಾಕೆ ತೋರಿಸಿದಿರಿ?" ಎಂಬುದೇ ಅದರ ಮೊದಲ ಸಾಲು.

ಆಕೆ ಬಹಳ ಕಷ್ಟಪಟ್ಟು ಖುಲಾ ಪಡೆದು, ಮಗುವಿನೊಂದಿಗೆ ಬೇರೆ ಊರಿಗೆ ಹೋಗಿ ನೆಲೆಸಿದ್ದಳು. ಹಳೆಯ ಫೋನ್ ನಂಬರ್, ಹಳೆಯ ಇ-ಮೇಲ್ ಎಲ್ಲವನ್ನೂ ಬಿಟ್ಟು ಹೊಸತು ಮಾಡಿಕೊಂಡಿದ್ದಳು. ಆ ಹೊಸ ವಿಳಾಸ ಗೊತ್ತಿದ್ದದ್ದು ಬೆರಳೆಣಿಕೆಯ ಮಂದಿಗೆ. ಅವರಲ್ಲಿ ನಾನೂ ಒಬ್ಬಳು. ಆದರೆ ಆಕೆಯ ಹಿಂದಿನ ನಾದಿನಿಯೂ ನನ್ನ ಗಿರಾಕಿಯೇ ಎಂಬುದು ನನಗೆ ತಿಳಿದಿರಲಿಲ್ಲ. ನನ್ನ ಪತ್ರ ತೆರೆದ ಪ್ರತಿಯೊಬ್ಬರಿಗೂ ದರಪಟ್ಟಿಯ ಮೇಲ್ಗಡೆ ಅಷ್ಟೂ ವಿಳಾಸಗಳು ಕಂಡಿದ್ದವು. ಆ ರಾತ್ರಿಯಿಂದಲೇ ಆಕೆಗೆ ಬೈಗುಳದ ಪತ್ರಗಳು ಬರತೊಡಗಿದ್ದವು.

ಸಹೋದರಿಯರೇ, ನಾನು ಯಾರ ಹಣವನ್ನೂ ಕಬಳಿಸಿರಲಿಲ್ಲ. ಕಳಪೆ ಬಟ್ಟೆಯನ್ನು ಒಳ್ಳೆಯದೆಂದು ಮಾರಿರಲಿಲ್ಲ. ಆದರೂ ಒಬ್ಬ ಹೆಣ್ಣು ನನ್ನಲ್ಲಿ ನಂಬಿ ಇಟ್ಟಿದ್ದ ವಸ್ತುವನ್ನು ಬೀದಿಗೆ ಎಸೆದಿದ್ದೆ. ಮಾತನಾಡುವಾತ ಅತ್ತಿತ್ತ ನೋಡಿ ಮಾತನಾಡಿದರೆ ಆ ಮಾತು ಕೇಳಿದವನ ಬಳಿ ಅಮಾನತ್ ಆಗಿರುತ್ತದೆ ಎಂಬ ಅರ್ಥದ ಪ್ರವಾದಿ(ಸ) ವಚನವನ್ನು ನಾನು ಎಷ್ಟೋ ಬಾರಿ ಕೇಳಿದ್ದೆ. ಅದು ನನ್ನ ಕಂಪ್ಯೂಟರಿಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಇಂದು ನಮ್ಮಲ್ಲಿ ಅನೇಕ ಮಹಿಳೆಯರು ಮನೆಯಲ್ಲಿದ್ದುಕೊಂಡೇ ಸಂಪಾದಿಸುತ್ತಿದ್ದಾರೆ. ಕೇಕ್, ಉಪ್ಪಿನಕಾಯಿ, ಮದರಂಗಿ ಕೋನ್, ಸ್ಕಾರ್ಫ್, ಕಸೂತಿ ಹೀಗೆ ಹತ್ತಾರು ಬಗೆ. ವಿಧವೆಯರಿಗೂ ಒಂಟಿ ತಾಯಂದಿರಿಗೂ ಇದು ಅಲ್ಲಾಹನು ತೆರೆದ ದೊಡ್ಡ ಬಾಗಿಲು. ಆದರೆ "ಇದು ಮನೆಯ ಕೆಲಸ ತಾನೇ, ಇದಕ್ಕೆಲ್ಲ ಶಿಸ್ತು ಯಾಕೆ?" ಎಂಬ ಉದಾಸೀನವೂ ನಮ್ಮಲ್ಲಿದೆ. ನನ್ನಲ್ಲೂ ಇತ್ತು. ನಾನು ಎಡವಿ ಕಲಿತ ಕೆಲವು ವಿಷಯಗಳನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ. ನೀವು ಎಡವದೆಯೇ ಕಲಿಯುವಂತಾಗಲಿ.

"ವಾಟ್ಸ್ಆ್ಯಪ್ ಇರುವಾಗ ಇ-ಮೇಲ್ ಯಾಕೆ?" ಎಂದು ನೀವು ಕೇಳಬಹುದು. ಮಾತುಕತೆಗೆ ವಾಟ್ಸ್ಆ್ಯಪ್ ಸಾಕು. ಆದರೆ ಫೋನ್ ಕಳೆದುಹೋದರೆ ಹಲವೊಮ್ಮೆ ಅದರಲ್ಲಿದ್ದ ಮಾತೂ ಹೋಗುತ್ತದೆ. ಮದುವೆಯ ಮಾತು, ಹಬ್ಬದ ಶುಭಾಶಯಗಳ ನಡುವೆ ಆರ್ಡರ್ ಎಲ್ಲೋ ಹೂತುಹೋಗುತ್ತದೆ. ಇ-ಮೇಲ್‌ನಲ್ಲಿ ಎರಡು ವರ್ಷದ ಹಿಂದಿನ ಬಿಲ್ ಕೂಡಾ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ಗಲ್ಫ್‌ನಲ್ಲಿರುವ ನಮ್ಮವರು, ಸಗಟಾಗಿ ಕೊಳ್ಳುವ ಅಂಗಡಿಯವರು ಬಿಲ್ಲನ್ನು ಇ-ಮೇಲ್‌ನಲ್ಲೇ ಕೇಳುತ್ತಾರೆ.

ಮೊದಲನೆಯದಾಗಿ, ನಿಮ್ಮ ವ್ಯಾಪಾರಕ್ಕೆ ಅದರದ್ದೇ ಆದ ಒಂದು ವಿಳಾಸವಿರಲಿ. ಆರಂಭದಲ್ಲಿ ನಾನು ಪತಿಯ ವಿಳಾಸವನ್ನೇ ಕೊಡುತ್ತಿದ್ದೆ. ತಮ್ಮ ಅಳತೆಗಳನ್ನು ಬರೆದು ಕಳುಹಿಸುವ ಹೆಣ್ಣುಮಕ್ಕಳಿಗೆ, ಅದನ್ನು ಮೊದಲು ಓದುವುದು ಪರಪುರುಷನೆಂದು ತಿಳಿದರೆ ಎಷ್ಟು ಮುಜುಗರವಾಗಬೇಡ! ಇದನ್ನು ಹೇಳಿ ಎಚ್ಚರಿಸಿದವರು ನನ್ನ ಅತ್ತೆ. ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ, ಆದರೆ ಹಯಾ ಏನೆಂದು ಗೊತ್ತು. ನಿಮ್ಮ ಹೆಸರು ಅಥವಾ ವ್ಯಾಪಾರದ ಹೆಸರಿನ ಸರಳವಾದ ವಿಳಾಸ ಮಾಡಿಕೊಳ್ಳಿ. ಕಾಲೇಜು ದಿನಗಳಲ್ಲಿ ತಮಾಷೆಗೆ ಇಟ್ಟ 'ಸ್ವೀಟ್ ಏಂಜೆಲ್' ತರಹದ್ದು ಬೇಡ. ಪತ್ರದ ಕೊನೆಯಲ್ಲಿ ನಿಮ್ಮ ಹೆಸರು, ಊರು, ಕರೆ ಮಾಡಬಹುದಾದ ಸಮಯ ಇರಲಿ.

ಎರಡನೆಯದು, ಆರ್ಡರನ್ನು ಬರೆದು ದೃಢಪಡಿಸುವುದು. ಈ ಪಾಠಕ್ಕೆ ನಾನು ಆರು ಬುರ್ಖಾಗಳ ಬೆಲೆ ತೆತ್ತಿದ್ದೇನೆ. ದಮ್ಮಾಮ್‌ನಿಂದ ಒಬ್ಬರು ಫೋನ್ ಮಾಡಿ ಉದ್ದದ ಅಳತೆ ಹೇಳಿದ್ದರು. ಲೈನ್ ಕಟಕಟ ಎನ್ನುತ್ತಿತ್ತು. ಅವರು ಹೇಳಿದ್ದು "ಐವತ್ತೆಂಟು" ಇಂಚು, ನನಗೆ ಕೇಳಿಸಿದ್ದು "ಐವತ್ತೆರಡು". ಉದ್ದವಾದುದನ್ನು ಕತ್ತರಿಸಿ ಗಿಡ್ಡ ಮಾಡಬಹುದು, ಗಿಡ್ಡವಾದುದನ್ನು ಎಳೆದು ಉದ್ದ ಮಾಡಲಾದೀತೇ? ಅವರು ತಾವು ಸರಿಯಾಗಿಯೇ ಹೇಳಿದ್ದೆಂದರು, ನಾನು ಸರಿಯಾಗಿಯೇ ಕೇಳಿದ್ದೆಂದೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಬರವಣಿಗೆ ಮಾತ್ರ ಇರಲಿಲ್ಲ.

ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಯಾವುದರ ಬಗ್ಗೆ ಇದೆ, ಗೊತ್ತೇ? ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಅಲ್ ಬಕರಃ ಅಧ್ಯಾಯದ 282ನೇ ಸೂಕ್ತ. ವ್ಯವಹಾರ ಚಿಕ್ಕದಿರಲಿ, ದೊಡ್ಡದಿರಲಿ, ಬರೆಯಲು ಬೇಸರಿಸಬಾರದು ಎಂದು ಅದರಲ್ಲಿ ತಿಳಿಸಲಾಗಿದೆ. ಕೈಯಿಂದ ಕೈಗೆ ನಡೆಯುವ ರೊಕ್ಕದ ವ್ಯಾಪಾರಕ್ಕೆ ಅಲ್ಲಿ ವಿನಾಯಿತಿಯಿದೆ. ಆದರೆ ನಮ್ಮ ವ್ಯಾಪಾರದಲ್ಲಿ ಹಣ ಇಂದು ಬರುತ್ತದೆ, ಸರಕು ಹದಿನೈದು ದಿನಗಳ ನಂತರ ಹೋಗುತ್ತದೆ. ಅಲ್ಲಿಯವರೆಗೆ ನಾವು ಗಿರಾಕಿಗೆ ಬಾಧ್ಯಸ್ಥರು. ದೇಶದ ಕಾನೂನೂ ಇದಕ್ಕೆ ಬೆಲೆ ಕೊಡುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಇ-ಮೇಲ್‌ನಂತಹ ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಒಪ್ಪಂದವನ್ನು ಅಸಿಂಧು ಎನ್ನುವಂತಿಲ್ಲ.

ಈಗ ಫೋನಿನಲ್ಲಿ ಎಷ್ಟೇ ಮಾತಾಡಿದರೂ ಕೊನೆಗೆ ನಾನೊಂದು ಇ-ಮೇಲ್ ಬರೆಯುತ್ತೇನೆ. ವಿಷಯದ ಸಾಲಿನಲ್ಲಿ ಬರೀ "ಸಲಾಮ್" ಎಂದು ಹಾಕದೆ, "ನಿಮ್ಮ ಆರ್ಡರ್: 6 ಬುರ್ಖಾ, ಕಪ್ಪು" ಎಂದು ಹಾಕುತ್ತೇನೆ. ಒಳಗೆ ಸಲಾಮ್ ಹೇಳಿ, ಎಷ್ಟು ತುಂಡು, ಯಾವ ಬಣ್ಣ, ಉದ್ದ ಅಂಕಿಯಲ್ಲೂ ಅಕ್ಷರದಲ್ಲೂ ಎಷ್ಟು ಇಂಚು, ಬಟ್ಟೆಯ ಬೆಲೆ, ಕೊರಿಯರ್ ಖರ್ಚು, ಒಟ್ಟು ಮೊತ್ತ, ಕಳುಹಿಸುವ ದಿನಾಂಕ, ಸರಿಯಾಗದಿದ್ದರೆ ಎಷ್ಟು ದಿನಗಳೊಳಗೆ ಹಿಂತಿರುಗಿಸಬಹುದು ಎಂದೆಲ್ಲ ಬರೆಯುತ್ತೇನೆ. "ಸರಿ" ಎಂದು ಉತ್ತರ ಬಂದ ನಂತರವೇ ಕತ್ತರಿ ಹಿಡಿಯುತ್ತೇನೆ. ಪಾರ್ಸೆಲ್ ಹೋದ ದಿನ ಕೊರಿಯರ್ ನಂಬರನ್ನು ಅದೇ ಪತ್ರಕ್ಕೆ ಉತ್ತರವಾಗಿ ಕಳುಹಿಸುತ್ತೇನೆ. ಎಲ್ಲವೂ ಒಂದೇ ಎಳೆಯಲ್ಲಿರುತ್ತದೆ.

ಬಟ್ಟೆಯಲ್ಲಿ ಏನಾದರೂ ಕುಂದು ಇದ್ದರೆ ಅದನ್ನೂ ಮೊದಲೇ ಬರೆಯಬೇಕು. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿದ ಪ್ರವಾದಿಯವರ(ಸ) ಬೆರಳಿಗೆ ಒಳಗಿನ ತೇವ ತಾಗಿದ ಘಟನೆ ನಿಮಗೆ ಗೊತ್ತೇ ಇದೆ. ಒದ್ದೆ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಅವರು ವ್ಯಾಪಾರಿಯನ್ನು ಪ್ರಶ್ನಿಸಿದ್ದರು. ನಮ್ಮ ಗಿರಾಕಿಗೆ ರಾಶಿಯೊಳಗೆ ಕೈ ಹಾಕಲು ಆಗುವುದಿಲ್ಲ, ಆಕೆ ನೋಡುವುದು ಫೋಟೋ ಮಾತ್ರ. ಆದ್ದರಿಂದ "ಫೋಟೋದಲ್ಲಿ ಕಾಣುವುದಕ್ಕಿಂತ ಬಣ್ಣ ಸ್ವಲ್ಪ ಮಂಕು" ಎಂಬ ಒಂದು ಸಾಲು ಬರೆಯಲು ಹಿಂಜರಿಯಬಾರದು.

ಮೂರನೆಯದು, ಸಮಯಕ್ಕೆ ಉತ್ತರ. ಮನೆಯೆಂದ ಮೇಲೆ ಮಗುವಿಗೆ ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಕರೆಂಟ್ ಹೋಗುತ್ತದೆ. ಗಿರಾಕಿಗೆ ಇದೆಲ್ಲ ಕಾಣುವುದಿಲ್ಲ. ಹಣ ಕಳುಹಿಸಿ ನಾಲ್ಕು ದಿನ ಮೌನವಿದ್ದರೆ ಆಕೆ ಮೋಸಹೋದೆನೆಂದೇ ಭಾವಿಸುತ್ತಾಳೆ. "ನಿಮ್ಮ ಪತ್ರ ಸಿಕ್ಕಿತು. ಮಗು ಹುಷಾರಿಲ್ಲ, ಶನಿವಾರ ವಿವರವಾಗಿ ಬರೆಯುತ್ತೇನೆ" ಎಂಬ ಎರಡು ಸಾಲಿಗೆ ಎರಡು ನಿಮಿಷ ಸಾಕು. ಆದರೆ ಶನಿವಾರ ಬರೆಯಲೇಬೇಕು. ವಾಗ್ದಾನ ಮುರಿಯುವುದು ಕಪಟಿಯ ಲಕ್ಷಣಗಳಲ್ಲಿ ಒಂದೆಂದು ನಮಗೆ ಕಲಿಸಲಾಗಿದೆ. ನಾನು ದಿನಕ್ಕೆ ಎರಡು ಸಲ, ಬೆಳಿಗ್ಗೆ ಮಕ್ಕಳು ಶಾಲೆಗೆ ಹೋದ ಮೇಲೆ ಮತ್ತು ಅಸ್ರ್ ನಂತರ, ಇ-ಮೇಲ್ ನೋಡುತ್ತೇನೆ. ಸ್ಪ್ಯಾಮ್ ಎಂಬ ಡಬ್ಬಿಯನ್ನೂ ತೆರೆಯುತ್ತೇನೆ. ಒಳ್ಳೆಯ ಆರ್ಡರ್‌ಗಳೂ ಕೆಲವೊಮ್ಮೆ ಅದರಲ್ಲಿ ಬಿದ್ದಿರುತ್ತವೆ.

ಸಿಟ್ಟಿನ ಪತ್ರ ಬಂದರೆ ಅದೇ ಬಿಸಿಯಲ್ಲಿ ಉತ್ತರಿಸಬೇಡಿ. ಬರೆಯಲೇಬೇಕೆನಿಸಿದರೆ 'ಟು' ಸಾಲನ್ನು ಖಾಲಿ ಬಿಟ್ಟು ಬರೆಯಿರಿ. ವುಝೂ ಮಾಡಿ, ನಮಾಝ್ ಮುಗಿಸಿ ಬಂದು ಮತ್ತೊಮ್ಮೆ ಓದಿ. ನನ್ನ ಮಟ್ಟಿಗೆ ಅರ್ಧದಷ್ಟು ಸಾಲುಗಳು ಆಗಲೇ ಅಳಿಸಿಹೋಗುತ್ತವೆ. ಜಿಮೇಲ್‌ನಲ್ಲಿ ಕಳುಹಿಸಿದ ಪತ್ರವನ್ನು ಹಿಂದಕ್ಕೆ ಪಡೆಯುವ ಸೌಲಭ್ಯವಿದೆ, ಆದರೆ ಸೆಟ್ಟಿಂಗ್ ಬದಲಾಯಿಸಿಕೊಂಡರೂ ಅದಕ್ಕೆ ಹೆಚ್ಚೆಂದರೆ 30 ಸೆಕೆಂಡ್ ಕಾಲಾವಕಾಶ. ಸಿಟ್ಟು ಇಳಿಯಲು ಅಷ್ಟು ಸಾಲದು.

ಹಣದ ವಿಷಯದಲ್ಲೂ ಜಾಗ್ರತೆ ಬೇಕು. "ದೊಡ್ಡ ಆರ್ಡರ್ ಇದೆ, ಈ ಲಿಂಕ್ ಒತ್ತಿ" ಎಂದೋ "ಹಣ ಬರಬೇಕಾದರೆ ನಿಮ್ಮ ಪಿನ್ ಹಾಕಿ" ಎಂದೋ ಪತ್ರ ಬಂದರೆ ನಂಬಬೇಡಿ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗಿಲ್ಲ, ಕೊಡಲು ಮಾತ್ರ ಬೇಕು. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಮೋಸ ನಡೆದರೆ ಮಾನ ಹೋಗುತ್ತದೆಂದು ಮುಚ್ಚಿಡದೆ ತಕ್ಷಣ 1930 ನಂಬರಿಗೆ ಕರೆ ಮಾಡಿ.

ಈಗ ಮೊದಲಿನ ವಿಷಯಕ್ಕೆ ಬರುತ್ತೇನೆ. ಇ-ಮೇಲ್‌ನಲ್ಲಿ 'ಟು', 'ಸಿಸಿ' ಮತ್ತು 'ಬಿಸಿಸಿ' ಎಂಬ ಮೂರು ಸಾಲುಗಳಿವೆ. ಸಿಸಿ ಎಂದರೆ ಕಾರ್ಬನ್ ಕಾಪಿ. ಟೈಪ್‌ರೈಟರ್ ಕಾಲದಲ್ಲಿ ಕಾರ್ಬನ್ ಕಾಗದ ಇಟ್ಟು ನಕಲು ತೆಗೆಯುತ್ತಿದ್ದುದರಿಂದ ಬಂದ ಹೆಸರು. 'ಟು' ಮತ್ತು 'ಸಿಸಿ'ಯಲ್ಲಿ ಹಾಕಿದ ವಿಳಾಸಗಳು ಪಡೆದವರಿಗೆಲ್ಲ ಕಾಣುತ್ತವೆ. 'ಬಿಸಿಸಿ'ಯಲ್ಲಿ ಹಾಕಿದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ನೂರು ಮಂದಿಗೆ ಕಳುಹಿಸುವಾಗ 'ಟು'ನಲ್ಲಿ ನಿಮ್ಮದೇ ವಿಳಾಸ ಹಾಕಿ, ಉಳಿದವೆಲ್ಲ 'ಬಿಸಿಸಿ'ಯಲ್ಲಿರಲಿ. ಇಷ್ಟು ಚಿಕ್ಕ ಸಂಗತಿ ಗೊತ್ತಿಲ್ಲದ್ದರಿಂದ ಒಬ್ಬಾಕೆಯ ನಿದ್ದೆ ಹೋಯಿತು.

ಒಮ್ಮೆ ಖರೀದಿಸಿದವರೆಲ್ಲ ನಮ್ಮ ದರಪಟ್ಟಿಗೆ ಕಾಯುತ್ತಿದ್ದಾರೆಂದು ತಿಳಿಯುವುದೂ ತಪ್ಪು. ಅನುಮತಿ ಪಡೆಯದೆ, ಸಲಾಮ್ ಹೇಳದೆ ಇತರರ ಮನೆಯೊಳಗೆ ಹೋಗಬಾರದೆಂದು ಕುರ್‌ಆನ್ ಕಲಿಸುತ್ತದೆ. ಇ-ಮೇಲ್ ಕೂಡಾ ಒಂದು ಬಾಗಿಲೇ. ಈಗ ನಾನು ಮೊದಲೇ ಕೇಳುತ್ತೇನೆ. ಬೇಡವೆಂದವರ ಹೆಸರನ್ನು ಅಂದೇ ತೆಗೆಯುತ್ತೇನೆ. ಹೊಲಿಯಲು ನೆರವಾಗುವ ಹುಡುಗಿಯರಿಗೆ ಅಳತೆಯ ಚೀಟಿ ಕೊಡುವಾಗ ಹೆಸರಿನ ಬದಲು ನಂಬರ್ ಬರೆಯುತ್ತೇನೆ. ಒಬ್ಬ ಹೆಣ್ಣಿನ ಶರೀರದ ಅಳತೆ ಊರಿನ ಮಾತಾಗಬಾರದು. ಜನರ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ನಮ್ಮ ದೇಶದಲ್ಲಿ ಒಂದು ಕಾಯ್ದೆಯೇ ಅಂಗೀಕಾರವಾಗಿದೆ. ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸಬೇಕೆಂಬ ಆದೇಶ ನಮಗೆ ಎಷ್ಟೋ ಶತಮಾನಗಳ ಹಿಂದೆಯೇ ಸಿಕ್ಕಿತ್ತು.

ಹ. ಖದೀಜಾ(ರ) ಮಕ್ಕಾದಲ್ಲಿದ್ದರೆ ಅವರ ಸರಕು ಶಾಮ್‌ಗೆ ಹೋಗುತ್ತಿತ್ತು. ತಾವು ಕಣ್ಣಾರೆ ಕಾಣದ ಮಾರುಕಟ್ಟೆಯಲ್ಲಿ ತಮ್ಮ ಪರವಾಗಿ ವ್ಯವಹರಿಸಲು ಅವರು ಆರಿಸಿಕೊಂಡದ್ದು ಮಕ್ಕಾದವರು 'ಅಲ್ ಅಮೀನ್' ಎಂದು ಕರೆಯುತ್ತಿದ್ದವರನ್ನು. ದೂರದ ವ್ಯಾಪಾರದ ಬಂಡವಾಳ ಅಂದೂ ಇಂದೂ ವಿಶ್ವಾಸವೇ.

ಆ ಸಹೋದರಿಗೆ ನಾನು ಕ್ಷಮೆ ಕೇಳಿ ಬರೆದೆ. ಗೊತ್ತಿರಲಿಲ್ಲ, ಅವಸರದಲ್ಲಿದ್ದೆ ಎಂಬ ನೆಪಗಳನ್ನು ಬರೆದು, ಮತ್ತೆ ಅಳಿಸಿ, ತಪ್ಪು ನನ್ನದೆಂದಷ್ಟೇ ಉಳಿಸಿದೆ. ಎಲ್ಲರಿಗೂ ಆ ಪತ್ರ ಅಳಿಸುವಂತೆ ಹೇಳಲೇ ಎಂದು ಕೇಳಿದೆ. "ಬೇಡ ಅಕ್ಕಾ, ನೋಡದವರೂ ನೋಡುವಂತಾಗುತ್ತದೆ" ಎಂದಳು. ಒಂದು ವಾರದ ನಂತರ ಆಕೆಯ ಕೊನೆಯ ಪತ್ರ ಬಂತು. "ನಾನು ಈ ವಿಳಾಸವನ್ನು ಮುಚ್ಚುತ್ತಿದ್ದೇನೆ. ನಿಮ್ಮನ್ನು ಕ್ಷಮಿಸಿದ್ದೇನೆ. ನನ್ನ ಹೆಸರನ್ನು ನಿಮ್ಮ ಪುಸ್ತಕದಿಂದ ಅಳಿಸಿಬಿಡಿ."

ಅಳಿಸಿದೆ. ಆಕೆ ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ, ಗೊತ್ತಿರಲೂ ಬಾರದು. ಪ್ರತಿ ರಮಝಾನ್‌ನಲ್ಲಿ ದರಪಟ್ಟಿ ಕಳುಹಿಸುವ ರಾತ್ರಿ ವಿಳಾಸಗಳಿರುವ ಸಾಲನ್ನು ಎರಡೆರಡು ಸಲ ನೋಡಿ, ಹೆಸರು ಹೇಳದೆ ಆಕೆಗಾಗಿ ದುಆ ಮಾಡಿ, ನಂತರವೇ ಕಳುಹಿಸುವ ಬಟನ್ ಒತ್ತುತ್ತೇನೆ.

ನೀವೂ ಇಂದು ಒಮ್ಮೆ ನಿಮ್ಮ ಪುಸ್ತಕ ತೆರೆದು ನೋಡಿ. ಅಲ್ಲಿರುವ ಪ್ರತಿಯೊಂದು ವಿಳಾಸದ ಹಿಂದೆ ನಿಮ್ಮನ್ನು ನಂಬಿದ ಒಬ್ಬ ಸಹೋದರಿ ಇದ್ದಾಳೆ. ನಮ್ಮ ಸಂಪಾದನೆಯನ್ನು ಅಲ್ಲಾಹನು ಹಲಾಲ್ ಆಗಿಯೂ ಬರಕತ್ತುಳ್ಳದ್ದಾಗಿಯೂ ಮಾಡಲಿ. ಆಮೀನ್.