ಮುಗಿಲಿನಾಚೆಯ ದೀಪ

ಆಷಾಢದಲ್ಲಿ ಹಾನಗಲ್ಲ ಸೀಮೆಯ ಜನರು ತಲೆಯೆತ್ತಿ ಮುಗಿಲನ್ನು ನೋಡುವದು ಮಳೆಗಾಗಿ. ಬೇರೊಂದು ಕಾರಣದಿಂದ ನೋಡುವವರು ಕಂಡರೆ ಅವರಿಗೆ ಸೋಜಿಗವೆನಿಸುವದು ಸಹಜವೇ. ಆನಿಕೆರೆಯ ಏರಿಯಲ್ಲಿ ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಒಮ್ಮೆ ಗಡಿಯಾರವನ್ನೂ ಒಮ್ಮೆ ಮುಗಿಲನ್ನೂ ನೋಡುತ್ತ ನಿಲ್ಲುವ ನಿವೃತ್ತ ಮಾಸ್ತರರೊಬ್ಬರು ಇಂತಹ ಸೋಜಿಗಕ್ಕೆ ಹಲವು ವರ್ಷಗಳಿಂದ ಗುರಿಯಾಗಿದ್ದಾರೆ.

ಅವರು ಕಾಯುವದು ನಕ್ಷತ್ರಕ್ಕಾಗಿ ಅಲ್ಲ, ಮನುಷ್ಯರು ಕಟ್ಟಿದ ಮನೆಗಾಗಿ. 1998ನೆಯ ಇಸವಿಯ ನವೆಂಬರದಲ್ಲಿ ಮೊದಲ ಭಾಗವು ಮೇಲೇರಿದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಒಂದೂವರೆ ತಾಸಿಗೊಮ್ಮೆ ಭೂಮಿಯನ್ನು ಸುತ್ತುತ್ತಿದೆ. 2000ದ ನವೆಂಬರದಿಂದ ಅಲ್ಲಿ ಮನುಷ್ಯವಾಸವು ಒಂದು ದಿನವೂ ತಪ್ಪಿಲ್ಲ. ಅದರ ಓಟಕ್ಕೆ ಶಿಗ್ಗಾಂವಿಯಿಂದ ಹಿರೇಕೆರೂರು ಎಂಟು-ಹತ್ತು ಸೆಕೆಂಡುಗಳ ದಾರಿ. ಹಾನಗಲ್ಲಿನ ಏರಿಯಿಂದ ಕಂಡುದು ಅದೇ ನಿಮಿಷದಲ್ಲಿ ಸವಣೂರಿನ ದೊಡ್ಡಹುಣಸೆಯ ಮರಗಳ ಮೇಲೆಯೂ ಕಾಣುತ್ತದೆ. ಅದು ಬೆಳಗುವದು ಸೂರ್ಯನ ಬೆಳಕಿನಿಂದ. ನೋಡುವವನು ಕತ್ತಲಲ್ಲಿರಬೇಕು, ಅದು ಬಿಸಿಲಲ್ಲಿರಬೇಕು. ಆದುದರಿಂದ ಹೊತ್ತು ಮುಳುಗಿದ ಮೇಲಿನ ಒಂದೆರಡು ತಾಸು, ಹೊತ್ತು ಮೂಡುವ ಮುಂಚಿನ ಒಂದೆರಡು ತಾಸು, ಇವೇ ಅದರ ದರ್ಶನದ ವೇಳೆಗಳು. ಕ್ಯಾಮೆರಾದ ಕಣ್ಣನ್ನು ಅರ್ಧ ನಿಮಿಷ ತೆರೆದಿಟ್ಟರೆ ಅದು ಚಿತ್ರದಲ್ಲಿ ಬಿಳಿಯ ಗೆರೆಯಾಗಿ ಮೂಡುತ್ತದೆ.

ಮಾಸ್ತರರ ಈ ಹವ್ಯಾಸದ ಬೇರು ಒಂದು ಅಂಜಿಕೆಯಲ್ಲಿದೆ. 1979ರಲ್ಲಿ ಅವರು ಹಿರೇಕೆರೂರಿನಲ್ಲಿ ಶಾಲೆ ಕಲಿಯುತ್ತಿದ್ದರು. ಅಮೆರಿಕೆಯವರ ಸ್ಕೈಲ್ಯಾಬ್ ಬೀಳುವದೆಂಬ ಸುದ್ದಿಯು ಊರೂರಿಗೆ ಹಬ್ಬಿತ್ತು. ಎಲ್ಲಿ ಬೀಳುವದೆಂಬದನ್ನು ಯಾರೂ ಖಚಿತವಾಗಿ ಹೇಳಲಾರದೆ ಹೋದರು. ಸಂಜೆಯಾದ ಮೇಲೆ ತಾಯಿಯು ಮಗನನ್ನು ಅಂಗಳಕ್ಕಿಳಿಯಗೊಡಲಿಲ್ಲ. ಮನೆಯ ಹಂಚುಗಳು ಆ ಲೋಹದ ರಾಶಿಯನ್ನು ತಡೆಯುವವೆಂದು ನಂಬಿದ್ದಳೋ ಏನೋ! ಜುಲೈ 11ಕ್ಕೆ ಅದು ಚೂರುಚೂರಾಗಿ ಹಿಂದೂ ಮಹಾಸಾಗರದಲ್ಲಿಯೂ ಪಶ್ಚಿಮ ಆಸ್ಟ್ರೇಲಿಯದಲ್ಲಿಯೂ ಬಿದ್ದಿತು. ಕಾಣದ ವಸ್ತುವಿಗೆ ಅಂಜಿದ ಆ ಹುಡುಗನು ಮುಂದೆ ವೇಳೆಯನ್ನರಿತು ಎದುರುಗೊಳ್ಳುವದನ್ನು ಕಲಿತನು. ಗುರುತಾದದ್ದರ ಅಂಜಿಕೆಯು ಬಹುಕಾಲ ಉಳಿಯದು.

2025ರ ಜೂನ್ 26ಕ್ಕೆ ಶುಭಾಂಶು ಶುಕ್ಲಾ ಅವರು ಆ ನಿಲ್ದಾಣವನ್ನು ಹೊಕ್ಕ ಮೊದಲ ಭಾರತೀಯರಾದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅಲ್ಲಿಯ ಐ.ಐ.ಟಿ.ಯ ಜತೆಗೂಡಿ ರೂಪಿಸಿದ ಪ್ರಯೋಗವೊಂದು ಅವರ ಕೈಯಲ್ಲಿತ್ತು. ಹೆಸರುಕಾಳು, ಮೆಂತ್ಯದ ಕಾಳುಗಳನ್ನು ಅಲ್ಲಿ ಮೊಳೆಯಿಸಬೇಕಾಗಿತ್ತು. ನೆರೆಯೂರಿನವರು ಕಳಿಸಿದ ಕಾಳು ತಲೆಯ ಮೇಲೆ ಹಾಯುವದನ್ನು ಒಮ್ಮೆಯಾದರೂ ನೋಡಬೇಕೆಂದು ಮಾಸ್ತರರು ಹಂಬಲಿಸಿದರು. ಆದರೆ ಮೋಡವು ಬಿಚ್ಚಲಿಲ್ಲ. ಒಂದು ಸಂಜೆ ಅವರ ಬಾಯಿಂದ, "ಹತ್ತು ನಿಮಿಷ ಈ ಮೋಡ ಸರಿಯಬಾರದೆ!" ಎಂಬ ಮಾತು ಬಂದೇ ಬಿಟ್ಟಿತು. ಹೊಲದಿಂದ ಮರಳುತ್ತಿದ್ದ ಹಳೆಯ ಶಿಷ್ಯನೊಬ್ಬನು ಅದನ್ನು ಕೇಳಿ ನಿಂತನು.

"ಹಂಗ ಅನಬ್ಯಾಡ್ರಿ ಗುರುಗಳ. ಭತ್ತದ ಸಸಿ ಈಗ ಎದ್ದಾವ. ಮೋಡ ಹ್ವಾದ್ರ ನಮ್ಮ ಗತಿ ಏನ್ರಿ?"

ಮಾಸ್ತರರು ನಾಚಿದರು. ಮೇಲಿನ ಕಾಳಿಗೆ ನೀರನ್ನು ಅಳೆದು ಕೊಡುವವರಿದ್ದಾರೆ. ಕೆಳಗಿನದಕ್ಕೆ ಈ ಮೋಡವೇ ಗತಿ. ಅವರು ಮುಕ್ಕಾಲಿಯನ್ನು ಮಡಚಿ, ಶಿಷ್ಯನ ಸಂಗಡ ತೊಯ್ಯುತ್ತಲೇ ಊರ ಕಡೆಗೆ ನಡೆದರು. ಜುಲೈ 14ಕ್ಕೆ ಶುಕ್ಲಾ ಅವರು ನಿಲ್ದಾಣವನ್ನು ಬಿಟ್ಟು ಹೊರಟರು. ಆ ದಿನಗಳ ಒಂದು ಚಿತ್ರವೂ ಮಾಸ್ತರರ ಸಂಗ್ರಹದಲ್ಲಿಲ್ಲ.

ಕಾರ್ತಿಕದಲ್ಲಿ ಮುಗಿಲು ತಿಳಿಯಾಯಿತು. ಒಂದು ಸಂಜೆ ಆ ಶಿಷ್ಯನೇ ತನ್ನ ಸಣ್ಣ ಮಗಳನ್ನು ಕರೆದುಕೊಂಡು ಏರಿಗೆ ಬಂದನು. ಹೇಳಿದ ನಿಮಿಷಕ್ಕೆ ನೈಋತ್ಯದಲ್ಲಿ ದೀಪವು ಮೂಡಿತು. ಸದ್ದಿಲ್ಲದೆ, ಮಿನುಗದೆ ಮೇಲೇರಿತು. ನಡುಮುಗಿಲನ್ನು ದಾಟುತ್ತಲೇ ಕೆಂಪಾಗಿ ಅಳಿಸಿಹೋಯಿತು.

"ಬಿತ್ತೇನ್ರಿ ಅಜ್ಜಾರ?" ಎಂದು ಹುಡುಗಿಯು ತಂದೆಯ ಕೈ ಹಿಡಿದಳು.

ನಾಲ್ವತ್ತಾರು ವರ್ಷಗಳ ಹಿಂದಿನ ಅಂಗಳವು ಮಾಸ್ತರರಿಗೆ ನೆನಪಾಯಿತು. "ಬಿದ್ದಿಲ್ಲವ್ವಾ, ಭೂಮಿಯ ನೆರಳಿನೊಳಗ ಹೋತು," ಎಂದರು. 2030ರವರೆಗೆ ಅದನ್ನು ನಡೆಸಿ, ಬಳಿಕ ಸಾಗರದ ನಿರ್ಜನ ಭಾಗದಲ್ಲಿ ಇಳಿಸುವ ಯೋಜನೆಯನ್ನು ನಾಸಾ ಪ್ರಕಟಿಸಿರುವದು ಅವರಿಗೆ ತಿಳಿದಿತ್ತು. ಮಗುವಿನಿಂದ ಅದನ್ನು ಮುಚ್ಚಿಡುವದು ಸರಿಯೆನಿಸಲಿಲ್ಲ. "ಒಂದ ದಿನ ಇಳಸತಾರ. ಆದರ ಮೊದಲ ಹೇಳಿ, ಯಾರೂ ಇಲ್ಲದ ಸಮುದ್ರದಾಗ ಇಳಸತಾರ."

ಹುಡುಗಿಯು ಕೊಂಚ ಹೊತ್ತು ಯೋಚಿಸಿದಳು. "ಹಂಗಾದ್ರ ನಾಳೆ ಬರತೈತ್ರಿ?"

ಮಾಸ್ತರರು ವೇಳೆಯ ಪಟ್ಟಿಯನ್ನು ನೋಡಿ ನಾಳಿನ ಗಳಿಗೆಯನ್ನು ಹೇಳಿದರು. ಆ ಸಂಜೆಯ ಚಿತ್ರದಲ್ಲಿ ಗೆರೆಯು ಕೆರೆಯ ಮೇಲೆ ಅರ್ಧಕ್ಕೇ ನಿಂತಿದೆ. ಅದನ್ನವರು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ.