ನೆಲ ಒದ್ದೆಯಾಗಿದೆ, ಯಾರು ನೋಡ್ತಾರೆ?

ಯಾರಾದರೂ ಜಾರಿ ಬಿದ್ದರೆ ನಮಗೆ ಮೊದಲು ಬರುವುದು ನಗು. ಹಳೇ ಸಿನಿಮಾಗಳಿಂದ ಹಿಡಿದು ಇವತ್ತಿನ ರೀಲ್ಸ್‌ವರೆಗೆ, ಬಾಳೆಹಣ್ಣಿನ ಸಿಪ್ಪೆ ತುಳಿದವರನ್ನು ನೋಡಿ ನಕ್ಕವರೇ ನಾವೆಲ್ಲ. ಬಿದ್ದವರೂ ಅಷ್ಟೇ. ಎಷ್ಟೇ ನೋವಾಗಿದ್ದರೂ ತಟಕ್ಕನೆ ಎದ್ದು, ಬಟ್ಟೆ ಕೊಡವಿಕೊಂಡು, "ಏನಾಗಿಲ್ಲ, ಏನಾಗಿಲ್ಲ" ಅಂತಾರೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನೋಡಿದರೆ ನಗು ನಿಲ್ಲುತ್ತೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಮುಂದಿನ ಸ್ಥಾನ ಇದಕ್ಕೇ. ಇದರಲ್ಲಿ ಎತ್ತರದಿಂದ ಬಿದ್ದವರೂ ಇದ್ದಾರೆ, ನಡೆಯುತ್ತಾ ಜಾರಿದವರೂ ಇದ್ದಾರೆ. 60 ದಾಟಿದವರಿಗೆ ಅಪಾಯ ಹೆಚ್ಚು.

ನಮ್ಮಮ್ಮ 60 ದಾಟಿದ ವರ್ಷವೇ ಬಿದ್ದರು. ಶಿವಮೊಗ್ಗದಲ್ಲಿ ನಮ್ಮ ಮನೆ ಹತ್ತಿರದ ಒಂದು ಸೂಪರ್‌ಮಾರ್ಕೆಟ್. ಅಡುಗೆ ಎಣ್ಣೆಯ ಪ್ಯಾಕೆಟ್ ಒಂದು ಸೋರಿ ನೆಲದ ಮೇಲೆ ಹರಡಿಕೊಂಡಿತ್ತು. ಕನ್ನಡಿಯಂಥ ಬಿಳಿ ಟೈಲ್ಸ್, ಅದರ ಮೇಲೆ ಬಣ್ಣವೇ ಕಾಣದ ರಿಫೈನ್ಡ್ ಎಣ್ಣೆ. ಅಮ್ಮ ಬಲಗೈ ಊರಿ ಬಿದ್ದರು, ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಮುರಿದಿದ್ದಕ್ಕಿಂತ ಹೆಚ್ಚಾಗಿ ಅಮ್ಮನಿಗೆ ನೋವಾಗಿದ್ದು ಅಲ್ಲಿದ್ದ ಹುಡುಗ ಓಡಿ ಬಂದು ಹೇಳಿದ ಮಾತು: "ನೋಡ್ಕೊಂಡು ನಡೀಬಾರ್ದಾ ಆಂಟಿ?"

ಮೂಳೆ ಕೂಡಿಕೊಂಡಿತು. ಆದರೆ ಅಮ್ಮನ ನಡಿಗೆ ಬದಲಾಯಿತು. ಯಾವ ಅಂಗಡಿಗೆ ಹೋದರೂ ಕಪಾಟು ಹಿಡಿದುಕೊಂಡೇ ಹೆಜ್ಜೆ ಇಡುತ್ತಾರೆ. ಕಣ್ಣು ಸಾಮಾನಿನ ಮೇಲಿರಲ್ಲ, ನೆಲದ ಮೇಲಿರುತ್ತೆ. ಮೊದಲೆಲ್ಲ ಒಬ್ಬರೇ ಹೋಗಿ ಬರುತ್ತಿದ್ದವರು ಈಗ ಅಪ್ಪ ಜೊತೆಗಿಲ್ಲದೆ ಹೊರಡಲ್ಲ.

ಕಳೆದ ವರ್ಷ ಅಮ್ಮ ನನ್ನ ಜೊತೆ ಇರಲು ನ್ಯೂಜೆರ್ಸಿಗೆ ಬಂದರು. ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಅವರಿಗೆ ಸಿಕ್ಕಿದ್ದು 'ಮಾರ್ಟಿ'. ಆರಡಿಗಿಂತ ಎತ್ತರದ ಬೂದು ಬಣ್ಣದ ರೋಬೋ. ಮುಖದ ಜಾಗದಲ್ಲಿ ಆಟಿಕೆಗೆ ಅಂಟಿಸುವಂಥ ಎರಡು ದೊಡ್ಡ ಕಣ್ಣು. "ಏ ಪುಟ್ಟಿ, ಇದೇನೇ ಹಿಂಗೆ ಕಣ್ಣು ಬಿಟ್ಕೊಂಡು ಬರ್ತಿದೆ!" ಅಂತ ಅಮ್ಮ ನನ್ನ ತೋಳು ಹಿಡಿದುಕೊಂಡರು.

ಬ್ಯಾಡ್ಜರ್ ಟೆಕ್ನಾಲಜೀಸ್ ಅನ್ನೋ ಕಂಪನಿ ಮಾಡಿದ ಯಂತ್ರ ಇದು. 2019ರ ಜನವರಿಯಲ್ಲಿ ಅಮೆರಿಕದ ಜೈಂಟ್ ಮತ್ತು ಸ್ಟಾಪ್ ಆಂಡ್ ಶಾಪ್ ಅಂಗಡಿಗಳಿಗೆ ಇಂಥ ಸುಮಾರು 500 ರೋಬೋಗಳು ಬರುತ್ತವೆ ಅಂತ ಪ್ರಕಟಿಸಿದರು. ದಿನವಿಡೀ ಅಂಗಡಿಯ ಸಾಲುಗಳಲ್ಲಿ ಓಡಾಡುತ್ತಾ ನೆಲ ನೋಡುವುದೇ ಅದರ ಕೆಲಸ. ಏನಾದರೂ ಚೆಲ್ಲಿದ್ದು, ಬಿದ್ದಿದ್ದು ಕಂಡರೆ ಅಲ್ಲೇ ನಿಂತು, ದೀಪ ಮಿನುಗಿಸಿ, ಕೂಗಿ ಹೇಳುತ್ತೆ.

ನಾವಿದ್ದಾಗಲೇ ಅದು ಹಣ್ಣಿನ ಸಾಲಿನಲ್ಲಿ ನಿಂತಿತು. ಹೋಗಿ ನೋಡಿದರೆ ನೆಲದ ಮೇಲೆ ಒಂದೇ ಒಂದು ದ್ರಾಕ್ಷಿ. ಸ್ವಲ್ಪ ಹೊತ್ತಿಗೆ ಕೆಲಸದವನು ಬಂದ, ಬಗ್ಗಿ ಹೆಕ್ಕಿದ, ಒಂದು ಬಟನ್ ಒತ್ತಿದ, ಹೋದ. ಮಾರ್ಟಿ ಮುಂದಕ್ಕೆ ಹೊರಟಿತು. ಅಮ್ಮ ಕೇಳಿದರು: "ಅಲ್ವೇ, ಹೆಕ್ಕೋಕೆ ಮನುಷ್ಯನೇ ಬರಬೇಕು ಅಂದ್ರೆ ಈ ಯಂತ್ರ ಯಾಕೆ?"

ಸರಿಯಾದ ಪ್ರಶ್ನೆ. ಮಾರ್ಟಿ ಗುಡಿಸಲ್ಲ, ಒರೆಸಲ್ಲ. ಸುಮ್ಮನೆ ನೋಡುತ್ತೆ. ಅಲ್ಲಿನ ಕೆಲಸಗಾರರಲ್ಲೇ ಕೆಲವರು ಇದೇ ಮಾತು ಹೇಳಿ ರೇಗಿದ್ದಾರೆ.

ಆದರೆ ಒರೆಸುವುದು ಒಂದು ಕೆಲಸ, ನೋಡುವುದು ಇನ್ನೊಂದು ಕೆಲಸ. ಆ ಎಣ್ಣೆ ಒರೆಸಲು ಬೇಕಿದ್ದದ್ದು ಎರಡು ನಿಮಿಷ. ಅಮ್ಮನ ಕೈ ಮುರಿದದ್ದು ಒರೆಸುವವರಿಲ್ಲದೆ ಅಲ್ಲ, ಎಣ್ಣೆ ಸೋರಿದ್ದಕ್ಕೂ ಯಾರಾದರೂ ನೋಡುವುದಕ್ಕೂ ನಡುವೆ ಇದ್ದ ಅಂತರದಲ್ಲಿ. ನಾನಿರುವ ಟೀಮಿನಲ್ಲಿ ಸರ್ವರ್ ಬಿದ್ದರೆ ನಿಮಿಷದೊಳಗೆ ಯಾರದೋ ಫೋನ್ ಬಡ್ಕೊಳ್ಳುತ್ತೆ, ರಾತ್ರಿ ಮೂರು ಗಂಟೆಯಾದರೂ ಸರಿ. ಗ್ರಾಹಕರು ಫೋನ್ ಮಾಡಿ ಹೇಳುವವರೆಗೆ ನಮಗೆ ಗೊತ್ತೇ ಆಗಲಿಲ್ಲ ಅಂದರೆ ಅದು ಮರ್ಯಾದೆ ಪ್ರಶ್ನೆ. ಅಂಗಡಿಯ ನೆಲಕ್ಕೆ ಮಾತ್ರ ಗ್ರಾಹಕರು ಬಿದ್ದಾಗಲೇ ಅಲರ್ಟ್!

ಈ ಅಂತರದ ಬಗ್ಗೆ ಅಮೆರಿಕದ ಕೋರ್ಟುಗಳು ನೂರು ವರ್ಷದಿಂದ ತಲೆ ಕೆಡಿಸಿಕೊಂಡಿವೆ. ಮ್ಯಾಸಚೂಸೆಟ್ಸ್‌ನಲ್ಲಿ 1901ರಲ್ಲಿ ಒಂದು ಕೇಸು: ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಬಾಳೆಹಣ್ಣಿನ ಸಿಪ್ಪೆ ತುಳಿದು ಜಾರಿದವರು ಸೋತರು. ಸಿಪ್ಪೆಯನ್ನು ಯಾವನೋ ಪ್ರಯಾಣಿಕ ನಿಮಿಷದ ಹಿಂದಷ್ಟೇ ಎಸೆದಿರಬಹುದು, ರೈಲ್ವೆಯವರಿಗೆ ಹೇಗೆ ಗೊತ್ತಾಗಬೇಕು ಅಂದಿತು ಕೋರ್ಟು. ಅದೇ ರಾಜ್ಯದಲ್ಲಿ 1911ರಲ್ಲಿ ಇನ್ನೊಂದು ಸಿಪ್ಪೆ, ಇನ್ನೊಂದು ಕೇಸು. ಈ ಸಲ ಸಿಪ್ಪೆ ಕಪ್ಪಗಾಗಿ, ಒಣಗಿ, ಮಣ್ಣು ಮೆತ್ತಿತ್ತು. ಅಂದರೆ ಬಹಳ ಹೊತ್ತಿನಿಂದ ಬಿದ್ದಿದೆ, ಸಿಬ್ಬಂದಿ ನೋಡಬೇಕಿತ್ತು. ಬಿದ್ದ ಹೆಂಗಸು ಗೆದ್ದರು. ಅಲ್ಲಿಂದ ಇಲ್ಲಿಯವರೆಗೆ ಪ್ರಶ್ನೆ ಒಂದೇ: ಎಷ್ಟು ಹೊತ್ತಿನಿಂದ ಇತ್ತು? ಇವತ್ತು ಆ ಸಿಪ್ಪೆಯ ಬಣ್ಣದ ಕೆಲಸವನ್ನು ರೋಬೋ ದಾಖಲೆ ಮಾಡುತ್ತೆ. ಇಷ್ಟು ಗಂಟೆಗೆ ಕಂಡಿತು, ಇಷ್ಟು ಗಂಟೆಗೆ ತೆಗೆದರು. ಅಂಗಡಿಯವರು ಚೊಕ್ಕವಾಗಿದ್ದರೆ ಆ ದಾಖಲೆ ಅವರನ್ನು ಕಾಪಾಡುತ್ತೆ. ಅಲರ್ಟ್ ಬಂದರೂ ಸುಮ್ಮನಿದ್ದರೆ ಅವರ ಕೊರಳಿಗೇ ಬರುತ್ತೆ.

ಇನ್ನೊಂದು ಜಾತಿಯ ರೋಬೋಗಳಿವೆ, ನಿಜವಾಗಿ ನೆಲ ತೊಳೆಯುವಂಥವು. ಬ್ರೈನ್ ಕಾರ್ಪ್ ಸಾಫ್ಟ್‌ವೇರಿನಿಂದ ಓಡುವ ಇಂಥ 1,500 ಯಂತ್ರಗಳನ್ನು ತರುವುದಾಗಿ ವಾಲ್‌ಮಾರ್ಟ್ 2019ರಲ್ಲಿ ಹೇಳಿತು. ಮೊದಲು ಮನುಷ್ಯನೇ ಯಂತ್ರ ಓಡಿಸಿ ದಾರಿ ಕಲಿಸಬೇಕು. ಆಮೇಲೆ ಅದೇ ದಾರಿಯಲ್ಲಿ ಅದು ತಾನೇ ಹೋಗುತ್ತೆ, ಜನ ಅಡ್ಡ ಬಂದರೆ ನಿಲ್ಲುತ್ತೆ. ಮುಂದೆ ನೀರು ಹಾಕಿ ಬ್ರಷ್ಷಿನಿಂದ ಉಜ್ಜುತ್ತೆ, ಹಿಂದಿನ ರಬ್ಬರ್ ಪಟ್ಟಿ ಆ ನೀರನ್ನು ಬಳಿದು ಒಳಗೆ ಎಳೆದುಕೊಳ್ಳುತ್ತೆ. ತಮಾಷೆ ಏನಂದ್ರೆ, ಆ ರಬ್ಬರ್ ಸವೆದಿದ್ದರೆ ಯಂತ್ರ ಹೋದ ದಾರಿಯುದ್ದಕ್ಕೂ ನೀರಿನ ಗೆರೆ ಉಳಿಯುತ್ತೆ. ಜಾರದಿರಲಿ ಅಂತ ತಂದ ಯಂತ್ರವೇ ಜಾರಿಸುತ್ತೆ!

ಹಾಗಾಗಿ ರೋಬೋ ತಂದರೆ ಎಲ್ಲ ಸರಿಹೋಯ್ತು ಅನ್ನೋಕಾಗಲ್ಲ. ಹೊಳೆಯುವ ನೆಲದ ಮೇಲಿನ ತಿಳಿ ನೀರು ಕ್ಯಾಮೆರಾಕ್ಕೂ ಕಷ್ಟ, ದೀಪದ ಪ್ರತಿಬಿಂಬವೂ ನೀರೂ ಒಂದೇ ಥರ ಕಾಣುತ್ತೆ. ಚೀಟಿ ಬಿದ್ದರೂ, ಸೊಪ್ಪಿನ ಎಸಳು ಬಿದ್ದರೂ ಕೂಗುತ್ತಿದ್ದರೆ ಕೆಲಸದವರು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಡುತ್ತಾರೆ. ರೋಬೋ ಆ ಸಾಲು ದಾಟಿ ಹೋದ ಮೇಲೆ ಚೆಲ್ಲಿದ್ದು ಅದು ಮತ್ತೆ ಬರುವವರೆಗೆ ಅಲ್ಲೇ ಇರುತ್ತೆ. ಇದಕ್ಕಿಂತ ಮೊದಲಿನ ಪ್ರಶ್ನೆ ಟೈಲ್ಸ್‌ದು. ಒದ್ದೆಯಾಗಬಹುದಾದ ಒಳಾಂಗಣದ ಸಮತಟ್ಟು ನೆಲಕ್ಕೆ ಘರ್ಷಣೆಯ ಅಂಕ ಕನಿಷ್ಠ 0.42 ಇರಬೇಕು ಅನ್ನೋ ಮಾನದಂಡ ಅಮೆರಿಕದಲ್ಲಿದೆ. ನಮ್ಮೂರಿನಲ್ಲಿ ಟೈಲ್ಸ್ ಆರಿಸುವಾಗ ಕೇಳುವುದು ಒಂದೇ, ಮುಖ ಕಾಣುತ್ತಾ?

ನಮ್ಮಲ್ಲಿಗೆ ಇಂಥ ರೋಬೋ ಬರುತ್ತಾ? ಬೆಂಗಳೂರಿನ ಮಾಲ್‌ಗಳಲ್ಲಿ ನೀಲಿ ಕೋಟು ಹಾಕಿಕೊಂಡು ಮಾಪ್ ಹಿಡಿದ ಅಕ್ಕಂದಿರನ್ನು ನೀವು ನೋಡಿರುತ್ತೀರಿ. ಅವರ ಸಂಬಳಕ್ಕೆ ಹೋಲಿಸಿದರೆ ಯಂತ್ರ ದುಬಾರಿ. ಯಂತ್ರ ಬಂದು ಅವರ ಕೆಲಸ ಹೋಗಲಿ ಅನ್ನೋದು ನನ್ನ ಆಸೆಯೂ ಅಲ್ಲ. ನನಗೆ ಬೇಕಿರುವುದು ಮಾರ್ಟಿಗೆ ಕೊಟ್ಟಿರುವ ಅಧಿಕಾರ ಆ ಅಕ್ಕನಿಗೂ ಸಿಗಲಿ ಅನ್ನೋದು. ಮಾರ್ಟಿ ಚೆಲ್ಲಿದ ಜಾಗದಲ್ಲಿ ನಿಂತರೆ "ಇಲ್ಯಾಕೆ ನಿಂತೆ, ಆ ಕಡೆ ಹೋಗು" ಅಂತ ಯಾರೂ ಬೈಯಲ್ಲ. ಅಕ್ಕ ನಿಂತರೆ ಸೂಪರ್‌ವೈಸರ್ ಬೈಯುತ್ತಾರೆ. ಮಾರ್ಟಿ ಕೂಗಿದರೆ ಯಾರಾದರೂ ಬರುತ್ತಾರೆ. ಅಕ್ಕ ಕೂಗಿದರೆ?

ದುಡ್ಡು ಖರ್ಚಿಲ್ಲದ ಕೆಲಸಗಳೇ ಬೇಕಾದಷ್ಟಿವೆ. ಗಂಟೆಗೊಮ್ಮೆ ಒಬ್ಬರು ಎಲ್ಲ ಸಾಲು ಸುತ್ತಿ, ಸಮಯ ಬರೆದಿಡುವುದು. ಸೋರುವ ಪ್ಯಾಕೆಟ್‌ಗಳ ಕೆಳಗೆ ಟ್ರೇ ಇಡುವುದು. ಮಲೆನಾಡಿನ ಹಳೇ ದಿನಸಿ ಅಂಗಡಿಗಳಲ್ಲಿ ಮಳೆಗಾಲ ಬಂತೆಂದರೆ ಬಾಗಿಲಿಗೆ ಗೋಣಿಚೀಲ ಹಾಸುತ್ತಿದ್ದರು. ಗಾಜಿನ ಬಾಗಿಲು ಬಂದ ಮೇಲೆ ಚೆನ್ನಾಗಿ ಕಾಣಲ್ಲ ಅಂತ ಅದು ಹೋಯಿತು, ಅದರ ಜಾಗಕ್ಕೆ ಒಳ್ಳೆ ಮ್ಯಾಟ್ ಬರಲೇ ಇಲ್ಲ.

ಊರಿಗೆ ವಾಪಸ್ ಹೋದ ಮೇಲೆ ಅಮ್ಮ ಒಂದು ದಿನ ಫೋನಿನಲ್ಲಿ ಹೇಳಿದರು. ಅಂಗಡಿಯಲ್ಲಿ ಮೊಸರು ಪ್ಯಾಕೆಟ್ ಒಡೆದು ಚೆಲ್ಲಿತ್ತಂತೆ. "ನಾನು ಅಲ್ಲೇ ಅಡ್ಡ ನಿಂತ್ಕೊಂಡೆ ಕಣೇ. ಒರೆಸೋವರೆಗೂ ಜಗ್ಗಲಿಲ್ಲ. ನಿಮ್ಮ ಮಾರ್ಟಿ ಥರ" ಅಂತ ನಕ್ಕರು.

ನೀವೂ ಮುಂದಿನ ಸಲ ಅಂಗಡಿಯಲ್ಲಿ ಏನಾದರೂ ಚೆಲ್ಲಿದ್ದು ಕಂಡರೆ ಪಕ್ಕದಿಂದ ದಾಟಿ ಹೋಗಬೇಡಿ. ಒಬ್ಬರನ್ನು ಕರೆಯಿರಿ, ಅವರು ಬರುವವರೆಗೆ ಅಲ್ಲಿ ನಿಲ್ಲಿ. ಯಾರಾದರೂ ಬಿದ್ದರೆ ಮೊದಲು ಎಲ್ಲಿ ನೋವು ಅಂತ ಕೇಳಿ, ತಕ್ಷಣ ಎಳೆದು ಎಬ್ಬಿಸಬೇಡಿ. ಆ "ನೋಡ್ಕೊಂಡು ನಡೀಬಾರ್ದಾ" ಅನ್ನೋ ಮಾತು ಬಾಯಿಗೆ ಬಂದರೆ, ದಯವಿಟ್ಟು ಅದನ್ನು ಬಿದ್ದವರಿಗೆ ಹೇಳಬೇಡಿ. ನೆಲ ಯಾರದೋ, ನೋಡಬೇಕಾದವರೂ ಅವರೇ.