ಕಿತ್ತಳೆ ದಾರ

ಮೈಸೂರಿನ ನಮ್ಮ ಪುಟ್ಟ ಏರ್ ರೈಫಲ್ ರೇಂಜಿಗೆ ಮೊದಲ ಸಲ ಬರುವ ಮಕ್ಕಳು ದೊಡ್ಡ ಸದ್ದಿಗಾಗಿ ಕಾಯುತ್ತಾರೆ. ಕೇಳುವುದು ‘ಟಪ್’ ಎಂಬ ಸಣ್ಣ ಶಬ್ದ, ಆಮೇಲೆ ಉದ್ದನೆಯ ಮೌನ. ರೇಂಜ್ ಆಫೀಸರ್ ಆಗಿ ಆ ಮೌನವನ್ನು ಕಾಯುವುದು ನನ್ನ ಕೆಲಸ. ಸ್ವತಃ ಗುರಿ ಇಡುವುದಕ್ಕಿಂತ ಇದೇ ನನಗೆ ಹೆಚ್ಚು ಇಷ್ಟ.

ದೂರ ಹತ್ತು ಮೀಟರ್. ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್; ಅದರತ್ತ ಹೊರಡುವ ಪೆಲೆಟ್ಟೇ 4.5 ಮಿಲಿಮೀಟರ್ ದಪ್ಪ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಚುಕ್ಕೆಯ ಮೇಲೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಿಂದ ಬೆಳ್ಳಿ ತಂದದ್ದೂ ಇಷ್ಟೇ ದೂರದಿಂದ, ಪಿಸ್ತೂಲಿನಲ್ಲಿ. ಇಷ್ಟು ನಾಜೂಕಿನ ಕೆಲಸಕ್ಕೆ ನಿಂತವರಿಗೆ ಪಕ್ಕದವರ ನಳಿಗೆ ಎತ್ತ ತಿರುಗಿದೆಯೋ ಎಂಬ ಅಳುಕು ಇರಕೂಡದು. ಆ ಅಳುಕನ್ನೆಲ್ಲ ರೇಂಜ್ ಆಫೀಸರ್ ಹೊತ್ತುಕೊಂಡರೆ ಮಾತ್ರ ಅವರ ಉಸಿರು ಹದಕ್ಕೆ ಬರುತ್ತದೆ.

ನಮ್ಮ ಸಲಕರಣೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಒಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರ, ಸೇಫ್ಟಿ ಫ್ಲ್ಯಾಗ್. ಪೆಲೆಟ್ ಇಡುವ ಜಾಗದಿಂದ ತೂರಿಸಿದರೆ ನಳಿಗೆಯ ಉದ್ದಕ್ಕೂ ಸಾಗಿ ಬಾಯಿಯಲ್ಲಿ ತುದಿ ಕಾಣಬೇಕು. ಕಂಡಿತೆಂದರೆ ಒಳಗೆ ಪೆಲೆಟ್ ಇಲ್ಲ. ಯಾರ ಮಾತನ್ನೂ ನಂಬಬೇಕಿಲ್ಲ, ರೇಂಜಿನ ಯಾವ ಮೂಲೆಯಿಂದಲಾದರೂ ಕಣ್ಣಾಡಿಸಿ ತಿಳಿಯಬಹುದು. ನೆರೆಯ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ಬಾಯಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಕೆಂಪು ಹಳದಿಯ ಆ ಹೂವನ್ನು ಕಂಡಾಗಲೆಲ್ಲ ನನಗೆ ನಮ್ಮ ದಾರ ನೆನಪಾಗುತ್ತದೆ. ಹೂವಿರುವಷ್ಟು ಹೊತ್ತು ಕೋವಿಗೆ ವಿಶ್ರಾಂತಿ.

‘ಲೋಡ್’, ‘ಸ್ಟಾರ್ಟ್’, ‘ಸ್ಟಾಪ್’, ‘ಅನ್‌ಲೋಡ್’ ಎಂಬ ನಾಲ್ಕು ಕೂಗುಗಳಲ್ಲಿ ‘ಸ್ಟಾಪ್’ ದೊಡ್ಡದು. ಅಪಾಯ ಕಂಡ ಯಾರು ಬೇಕಾದರೂ ಕೂಗಬಹುದು, ನಿನ್ನೆ ಸೇರಿದ ಹುಡುಗಿಯೂ.

“ಸರ್, ಟ್ರಿಗರ್ ಅರ್ಧ ಒತ್ತಿಬಿಟ್ಟಿದ್ದೆ, ಹತ್ತೇ ಬರ್ತಿತ್ತು!”

“ಬೆರಳು ತೆಗಿ ಮರಿ. ಹತ್ತು ಆಮೇಲೂ ಬರುತ್ತೆ.”

ಹಾಗೆ ಬೆರಳು ತೆಗೆದ ಮಕ್ಕಳೇ ಮುಂದೆ ಒಳ್ಳೆಯ ಗುರಿಕಾರರಾಗುವುದನ್ನು ಕಂಡಿದ್ದೇನೆ. ಅಲುಗಿದ ಗುರಿಯನ್ನು ಬಿಟ್ಟು, ರೈಫಲ್ ಇಳಿಸಿ, ಮತ್ತೆ ಮೊದಲಿನಿಂದ ಎತ್ತುವ ಶಕ್ತಿ ಅಲ್ಲೇ ಹುಟ್ಟುತ್ತದೆ.

ದಸರೆಗೆ ಮುಂಚೆ ಕುಶಾಲತೋಪಿನ ತಾಲೀಮು ನಡೆಯುವಾಗ ಊರೆಲ್ಲ ಆನೆಗಳನ್ನು ನೋಡುತ್ತದೆ; ನಾನು ಫಿರಂಗಿಯ ಬಳಿಯ ಪೊಲೀಸರನ್ನು. ಏಳು ಫಿರಂಗಿ, ಮೂರು ಸುತ್ತು, 21 ತೋಪು. ಸಿಡಿದ ನಳಿಗೆಯನ್ನು ಒದ್ದೆ ಬಟ್ಟೆ ಸುತ್ತಿದ ಕೋಲಿನಿಂದ ಒರೆಸಿ, ಉಳಿದ ಕಿಡಿ ಆರಿಸಿದ ಮೇಲೆಯೇ ಮುಂದಿನ ಮದ್ದು. ಎಷ್ಟೇ ಅವಸರವಿದ್ದರೂ ಆ ಕೋಲು ಮರೆಯುವುದಿಲ್ಲ. ಅವರ ಕೈಗಳ ಲಯ ನೋಡಿದಷ್ಟೂ ಸಾಲದು.

ನಮ್ಮ ರೈಫಲ್‌ಗಳ ಗಾಳಿಯ ಸಿಲಿಂಡರಿನ ಮೇಲೆ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತದೆ. ದಾಟಿದ್ದರೆ ಎಷ್ಟೇ ಹೊಳೆಯುತ್ತಿರಲಿ, ತುಂಬಿಸುವುದಿಲ್ಲ. ಪೆಲೆಟ್ ಸೀಸದ್ದಾದ್ದರಿಂದ ಸೋಪು ಹಾಕಿ ಕೈ ತೊಳೆಯದೆ ಯಾರೂ ಇಡ್ಲಿ ಡಬ್ಬಿ ತೆರೆಯುವಂತಿಲ್ಲ. ಅಷ್ಟು ಹೊತ್ತು ತಡೆಹಿಡಿದ ಮಾತೆಲ್ಲ ನಲ್ಲಿಯ ಮುಂದಿನ ಸಾಲಿನಲ್ಲಿ ಹೊರಬೀಳುತ್ತದೆ: 10.9 ಬಂದದ್ದು ಯಾರಿಗೆ, ಕೂದಲೆಳೆಯಲ್ಲಿ ತಪ್ಪಿದ್ದು ಯಾರಿಗೆ, ನಾಳೆ ಮೊದಲ ಲೇನ್ ಯಾರದು.